ಮಾತ್ರೆ ನುಂಗದ ಹದ್ದಿನ ಕರುಳಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ

ಜರ್ಮನಿಯ ಸ್ಯಾಕ್ಸನಿ-ಅನ್ಹಾಲ್ಟ್ ಹೊಲ, ಫಾರಂ, ಊರುಗಳು ಹಬ್ಬಿಕೊಂಡಿರುವ ಸೀಮೆ. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಾದರೋ ದಿನವಿಡೀ ಸಾಗಿದರೂ ಕಣ್ಣಿಗೆ ಬೀಳುವುದು ಅಲೆಮಾರಿಗಳ ಕುರಿ, ಮೇಕೆ, ಒಂಟೆಗಳಷ್ಟೇ. ಈ ಎರಡು ಕಡೆಯ ಒಟ್ಟು 281 ಕಾಡುಹಕ್ಕಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹೆಚ್ಚಿನವು ಬೇಟೆಹಕ್ಕಿಗಳು. ಅವುಗಳ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೆ ಬಗ್ಗುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ಮನುಷ್ಯರ ಕೊಳಚೆ ಮತ್ತು ಫಾರಂಗಳ ಸಗಣಿ-ಗಂಜಲ ಧಾರಾಳವಾಗಿರುವ ಜರ್ಮನಿಯಲ್ಲಿ ಬಗ್ಗದವು ಹೆಚ್ಚಿರಬೇಕು, ಗೋಬಿಯಲ್ಲಿ ತೀರ ಕಡಿಮೆ ಇರಬೇಕು ಎಂಬುದು ಅಂದಿನ ಎಣಿಕೆ. ಬಂದ ಲೆಕ್ಕವೇ ಬೇರೆ. ಎರಡೂ ಕಡೆ ಸುಮಾರು ಶೇ 5ರಷ್ಟು ಹಕ್ಕಿಗಳಲ್ಲಿ ಅಂಥ ಬ್ಯಾಕ್ಟೀರಿಯಾ ಇದ್ದವು.

ಈ ಹಕ್ಕಿಗಳಿಗೆ ಯಾರೂ ಮದ್ದು ಕೊಟ್ಟಿರಲಿಲ್ಲ. ಆಂಟಿಬಯೋಟಿಕ್ ಅತಿಯಾಗಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಅದು ನಿಜವೂ ಹೌದು. ಆದರೆ ಮದ್ದು ಬಳಸಿದ ಜಾಗದಲ್ಲೇ ಪ್ರತಿರೋಧ ಉಳಿಯಬೇಕೆಂದೇನೂ ಇಲ್ಲ. ಮದ್ದು ಹೋಗದ ಕಡೆಗೂ ಅದು ಹೋಗುತ್ತದೆ. ಹೇಗೆ ಹೋಗುತ್ತದೆ ಎಂಬುದನ್ನು ತಿಳಿಯಲು ಹದ್ದು, ಗಿಡುಗ, ಗೂಬೆ, ರಣಹದ್ದುಗಳಿಗಿಂತ ಒಳ್ಳೆಯ ದಾರಿ ಇಲ್ಲ. ಅದಕ್ಕೂ ಮೊದಲು ಈ ಬ್ಯಾಕ್ಟೀರಿಯಾ ಮದ್ದನ್ನು ಸೋಲಿಸುವ ಬಗೆಯನ್ನು ನೋಡಬೇಕು.

ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಮಾತ್ರೆ, ಆಸ್ಪತ್ರೆಯಲ್ಲಿ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಇವೆಲ್ಲ ಒಂದೇ ಕುಟುಂಬದ ಮದ್ದುಗಳು. ಎಲ್ಲದರ ನಡುವೆಯೂ ನಾಲ್ಕು ಪರಮಾಣುಗಳ ಒಂದು ಪುಟ್ಟ ಬಳೆ ಇರುತ್ತದೆ. ಬೀಟಾ-ಲ್ಯಾಕ್ಟಮ್ ಬಳೆ ಎಂದು ಅದರ ಹೆಸರು. ಬ್ಯಾಕ್ಟೀರಿಯಾ ತನ್ನ ಹೊರಗೋಡೆಯನ್ನು ಹೆಣೆಯಲು ಬಳಸುವ ಪ್ರೊಟೀನಿಗೆ ಈ ಬಳೆ ಹೋಗಿ ಅಂಟಿಕೊಳ್ಳುತ್ತದೆ. ಹೆಣಿಗೆ ನಿಂತು, ಗೋಡೆ ಬಿರಿದು, ಬ್ಯಾಕ್ಟೀರಿಯಾ ಸಾಯುತ್ತದೆ. ಬಗ್ಗದ ಬ್ಯಾಕ್ಟೀರಿಯಾಗಳು ಈ ಬಳೆಯನ್ನೇ ಕತ್ತರಿಸುವ ಕಿಣ್ವವನ್ನು ತಯಾರಿಸಿಕೊಳ್ಳುತ್ತವೆ. ಹಳೆಯ ಕಿಣ್ವಗಳಿಗೆ ಪೆನಿಸಿಲಿನ್‌ನಂಥವನ್ನು ಕತ್ತರಿಸುವ ಶಕ್ತಿ ಇತ್ತು; ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್ ಅವುಗಳ ಕೈಗೆ ನಿಲುಕುತ್ತಿರಲಿಲ್ಲ. ನಿಲುಕುವ ಹೊಸ ಕಿಣ್ವಗಳ ಗುಂಪಿಗೆ ಇಎಸ್‌ಬಿಎಲ್ ಎನ್ನುತ್ತಾರೆ. ಅದರಲ್ಲಿ ಇಂದು ಜಗತ್ತಿನಲ್ಲೆಲ್ಲ ಹರಡಿರುವುದು ಸಿಟಿಎಕ್ಸ್-ಎಂ ಎಂಬ ಬಗೆ. ಹೆಸರಿನ ಮೊದಲ ಭಾಗ ಸೆಫೊಟ್ಯಾಕ್ಸಿಮ್‌ನಿಂದ ಬಂದದ್ದು, ‘ಎಂ’ ಎಂದರೆ ಮ್ಯೂನಿಕ್. ಅದರದೇ ಒಂದು ರೂಪವಾದ ಸಿಟಿಎಕ್ಸ್-ಎಂ-15 ಮೊದಲು ಗುರುತಾದದ್ದು 1999ರಲ್ಲಿ ದೆಹಲಿಯ ಆಸ್ಪತ್ರೆಯೊಂದರ ಮಾದರಿಗಳಲ್ಲಿ. ಇಎಸ್‌ಬಿಎಲ್‌ಗೂ ಜಗ್ಗದ ಮದ್ದುಗಳೆಂದರೆ ಮೆರೊಪೆನೆಮ್‌ನಂಥ ಕಾರ್ಬಪೆನೆಮ್‌ಗಳು. ಅವನ್ನೂ ಕತ್ತರಿಸುವ ಕಿಣ್ವ ಎನ್‌ಡಿಎಂ.

ಈ ಕಿಣ್ವ ತಯಾರಿಸುವ ಸೂಚನೆ ಬರೆದಿರುವ ಜೀನ್ ಎಲ್ಲಿ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಿಟಿಎಕ್ಸ್-ಎಂ ಜೀನ್‌ಗಳ ಮೂಲ ಕ್ಲೂವೆರಾ ಎಂಬ ಬ್ಯಾಕ್ಟೀರಿಯಾದ ಕ್ರೋಮೊಸೋಮ್. ಅಲ್ಲಿದ್ದಷ್ಟು ದಿನ ಅದು ತಾಯಿಯಿಂದ ಮರಿಗೆ ಬರುವ ಆಸ್ತಿಯಾಗಿತ್ತು. ಅಲ್ಲಿಂದ ಜಿಗಿದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದ ಮೇಲೆ ಕೂತ ಮೇಲೆ ಅದು ಕೈಯಿಂದ ಕೈಗೆ ದಾಟುವ ಚೀಟಿಯಾಯಿತು. ಎರಡು ಬ್ಯಾಕ್ಟೀರಿಯಾಗಳು ಒತ್ತಿ ನಿಂತಾಗ ಒಂದರಿಂದ ಇನ್ನೊಂದಕ್ಕೆ ಚೀಟಿಯ ನಕಲು ಹೋಗುತ್ತದೆ. ಕೊಟ್ಟ ಬ್ಯಾಕ್ಟೀರಿಯಾವೂ ಪಡೆದದ್ದೂ ಒಂದೇ ಜಾತಿಯದಾಗಿರಬೇಕೆಂದಿಲ್ಲ, ಇ. ಕೋಲಿಯಿಂದ ಸಾಲ್ಮೊನೆಲ್ಲಾಗೂ ಹೋಗಬಹುದು. ಒಂದೇ ಚೀಟಿಯಲ್ಲಿ ನಾಲ್ಕಾರು ಮದ್ದುಗಳ ವಿರುದ್ಧದ ಸೂಚನೆಗಳು ಒಟ್ಟಿಗೆ ಬರೆದಿರುವುದೂ ಉಂಟು. ಆದ್ದರಿಂದ ಒಂದು ಮದ್ದು ಬಳಸಿದರೆ ಉಳಿದವುಗಳ ಪ್ರತಿರೋಧವೂ ಜತೆಗೇ ಬೆಳೆಯುತ್ತದೆ.

ಮದ್ದೇ ಇಲ್ಲದ ಕಡೆ ಈ ಚೀಟಿ ತಾನಾಗಿ ಕಳೆದುಹೋಗಬೇಕಲ್ಲವೇ ಎಂದು ಕೇಳಬಹುದು. ಹೊರೆ ಹೊತ್ತ ಬ್ಯಾಕ್ಟೀರಿಯಾ ಹೊರೆಯಿಲ್ಲದ್ದಕ್ಕಿಂತ ನಿಧಾನವಾಗಿ ಬೆಳೆಯುವುದು ಉಂಟು. ಆದರೆ ಹಲವು ಪ್ಲಾಸ್ಮಿಡ್‌ಗಳಲ್ಲಿ ವಿಷ ಮತ್ತು ಪ್ರತಿವಿಷ ಎರಡನ್ನೂ ತಯಾರಿಸುವ ಜೀನ್‌ಗಳು ಜೋಡಿಯಾಗಿರುತ್ತವೆ. ವಿಷ ಬಹುಕಾಲ ಉಳಿಯುವಂಥದು, ಪ್ರತಿವಿಷ ಬೇಗ ಕರಗುವಂಥದು. ಒಂದಾಗಿದ್ದ ಬ್ಯಾಕ್ಟೀರಿಯಾ ಎರಡಾಗುವಾಗ ಪ್ಲಾಸ್ಮಿಡ್ ಸಿಗದ ಮರಿಯಲ್ಲಿ ಹೊಸ ಪ್ರತಿವಿಷ ತಯಾರಾಗುವುದಿಲ್ಲ, ಹಳೆಯ ವಿಷ ಉಳಿದಿರುತ್ತದೆ. ಮರಿ ಸಾಯುತ್ತದೆ, ಇಲ್ಲವೇ ಬೆಳೆಯದೆ ನಿಲ್ಲುತ್ತದೆ. ಹೀಗೆ ಪ್ಲಾಸ್ಮಿಡ್ ತನ್ನನ್ನು ಕಳೆದುಕೊಂಡವರನ್ನೇ ಅಳಿಸುತ್ತ ಉಳಿಯುತ್ತದೆ. ಮದ್ದಿನ ಸುಳಿವೇ ಇಲ್ಲದ ಹಕ್ಕಿಯ ಕರುಳಲ್ಲಿ ಇದು ನೆಲೆ ನಿಲ್ಲಲು ಇದೂ ಒಂದು ಕಾರಣ.

ಹದ್ದಿನ ತಟ್ಟೆಗೆ ಬಂದದ್ದು

ಕಾಡುಹಕ್ಕಿಗಳಲ್ಲಿ ಬಗ್ಗದ ಬ್ಯಾಕ್ಟೀರಿಯಾ ಕಂಡದ್ದು ಇತ್ತೀಚಿನ ಸಂಗತಿಯಲ್ಲ. 1978ರಲ್ಲೇ ಜಪಾನಿನ ಪಾರಿವಾಳ ಮತ್ತು ಕಾಗೆಗಳಲ್ಲಿ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ಇ. ಕೋಲಿ, ಅದೂ ದಾಟಬಲ್ಲ ಪ್ಲಾಸ್ಮಿಡ್ ಸಮೇತ, ವರದಿಯಾಗಿತ್ತು. ಪೋರ್ಚುಗಲ್‌ನ ಕಾಡುಪ್ರಾಣಿಗಳಲ್ಲಿ ಇಎಸ್‌ಬಿಎಲ್ ಸಿಕ್ಕ ವರದಿ 2006ರಲ್ಲಿ ಬಂತು. 2010ರಲ್ಲಿ ಅದೇ ದೇಶದ ಸೆರ್ರಾ ದ ಎಸ್ಟ್ರೆಲಾ ಬೆಟ್ಟಸೀಮೆಯ ಬೇಟೆಹಕ್ಕಿಗಳ ಹಿಕ್ಕೆ ಪರೀಕ್ಷಿಸಿದಾಗ ನಾಲ್ಕನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾದರಿಗಳಲ್ಲಿ ಇಎಸ್‌ಬಿಎಲ್ ಇ. ಕೋಲಿ ಇತ್ತು.

ಬೇಟೆಹಕ್ಕಿಗೇ ಯಾಕೆ ಇಷ್ಟು? ಅದು ತಿನ್ನುವುದನ್ನು ನೋಡಿದರೆ ತಿಳಿಯುತ್ತದೆ. ಚರಂಡಿ ಪಕ್ಕದ ಇಲಿ, ಕಾಳಿನ ಮಂಡಿಯ ಪಾರಿವಾಳ, ಗೊಬ್ಬರ ಹಾಯಿಸಿದ ಹೊಲದ ಹೆಗ್ಗಣ, ಕೋಳಿ ಅಂಗಡಿಯ ಕರುಳು, ಫಾರಂ ಹಿಂದೆ ಎಸೆದ ಸತ್ತ ಮರಿ. ಇವು ಒಂದೊಂದೂ ತಾನಿದ್ದ ಜಾಗದ ಬ್ಯಾಕ್ಟೀರಿಯಾಗಳನ್ನು ಹೊತ್ತಿರುತ್ತವೆ. ಬೇಟೆಹಕ್ಕಿ ಹತ್ತಾರು ಚದರ ಕಿಲೊಮೀಟರ್ ಸುತ್ತಿ, ಈ ಎಲ್ಲ ಜಾಗಗಳ ಮಾದರಿಯನ್ನು ತನ್ನೊಂದೇ ಕರುಳಿಗೆ ತುಂಬಿಕೊಳ್ಳುತ್ತದೆ. ಗೂಡಿನ ಮರಿಗೆ ಅಮ್ಮ ಸೀಳಿ ಕೊಡುವ ಮಾಂಸದ ಜತೆಗೇ ಅದು ದಾಟುತ್ತದೆ.

ಇಲ್ಲಿ ಒಂದು ನ್ಯಾಯವಾದ ಅನುಮಾನ ಬರುತ್ತದೆ. ಗಿಡುಗಗಳ ಜಠರರಸದ ಪಿಎಚ್ ಸುಮಾರು 1.6, ಗೂಬೆಗಳದು ಸುಮಾರು 2.3. ಮೂಳೆಯನ್ನೇ ಕರಗಿಸುವ ಈ ಆಮ್ಲದಲ್ಲಿ ಇ. ಕೋಲಿ ಬದುಕೀತೇ? ಬರಿಹೊಟ್ಟೆಯಲ್ಲಾದರೆ ಬಹುಪಾಲು ಸಾಯುತ್ತದೆ. ಹೊಟ್ಟೆ ತುಂಬ ಮಾಂಸ ಬಿದ್ದಾಗ ಆ ಮಾಂಸವೇ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ತುಂಡಿನ ನಡುವೆ ಸಿಕ್ಕಿಕೊಂಡ ಬ್ಯಾಕ್ಟೀರಿಯಾಕ್ಕೆ ಆಮ್ಲ ತಲುಪುವುದೇ ತಡವಾಗಿ. ಕೋಟಿಗಳ ಲೆಕ್ಕದಲ್ಲಿ ಒಳಹೋದವುಗಳಲ್ಲಿ ನೂರಿನ್ನೂರು ಕರುಳು ಮುಟ್ಟಿದರೂ ನೆಲೆಯೂರಲು ಸಾಕಾಗಬಹುದು.

ರಣಹದ್ದುಗಳದು ಇನ್ನೊಂದು ಕಥೆ. ಅಲ್ಲಿ ಬ್ಯಾಕ್ಟೀರಿಯಾದ ಜತೆ ಮದ್ದೂ ಹೊಟ್ಟೆ ಸೇರುತ್ತದೆ. ಸ್ಪೇನ್‌ನಲ್ಲಿ ಹಿಂದೆ ಬಯಲಲ್ಲಿ ಮೇಯುವ ಕುರಿ-ಮೇಕೆ ಸತ್ತರೆ ಅಲ್ಲೇ ಬಿಡುವುದು ವಾಡಿಕೆ, ರಣಹದ್ದುಗಳು ಮುಗಿಸುತ್ತಿದ್ದವು. ‘ಮ್ಯಾಡ್ ಕೌ’ ರೋಗದ ಭಯದಿಂದ ಐರೋಪ್ಯ ಒಕ್ಕೂಟ 2002ರಲ್ಲಿ ತಂದ ನಿಯಮ ಸತ್ತ ಜಾನುವಾರುಗಳನ್ನು ಬಯಲಲ್ಲಿ ಬಿಡುವುದನ್ನು ತಡೆಯಿತು. ಹಸಿದ ರಣಹದ್ದುಗಳಿಗೆಂದು ನಿಗದಿತ ಜಾಗಗಳಲ್ಲಿ ಆಹಾರ ಸುರಿಯುವುದು ಹೆಚ್ಚಾಯಿತು. ಅಲ್ಲಿಗೆ ಬಂದದ್ದು ಹೆಚ್ಚಾಗಿ ದೊಡ್ಡ ಫಾರಂಗಳಲ್ಲಿ ಸತ್ತ ಹಂದಿ, ಕೋಳಿ. ಕಾಯಿಲೆಯಿಂದ ಸತ್ತದ್ದೆಂದರೆ ಸಾಯುವ ಮೊದಲು ಚುಚ್ಚುಮದ್ದು ಪಡೆದಿರುವ ಸಾಧ್ಯತೆ ಹೆಚ್ಚು. ಸ್ಪೇನ್‌ನ ಸಂಶೋಧಕರು ರಣಹದ್ದುಗಳ ರಕ್ತದಲ್ಲಿ ಎನ್ರೋಫ್ಲಾಕ್ಸಸಿನ್‌ನಂಥ ಪಶು ಆಂಟಿಬಯೋಟಿಕ್‌ಗಳನ್ನು ಕಂಡರು. ಇಂಥ ಜಾಗಗಳಲ್ಲಿ ತಿನ್ನುವ ಬಿಳಿ ರಣಹದ್ದುಗಳಲ್ಲಿ ಹಲವು ಮದ್ದುಗಳಿಗೆ ಬಗ್ಗದ ಸಾಲ್ಮೊನೆಲ್ಲಾ ಸಿಕ್ಕಿತು. ಮದ್ದಿನ ಶೇಷ ಸೇರಿದ ಹಕ್ಕಿಗಳ ಬಾಯಲ್ಲಿ ಶಿಲೀಂಧ್ರದ ಹುಣ್ಣುಗಳೂ ಕಂಡವು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ಕೊಂದು ತೆರವು ಮಾಡಿದ ಜಾಗದಲ್ಲಿ ಶಿಲೀಂಧ್ರ ಬೆಳೆಯುವುದು ಮನುಷ್ಯರಲ್ಲೂ ಉಂಟು.

ನಮಗೆ ಈ ದಾರಿ ಹೊಸದಲ್ಲ. ದನಕ್ಕೆ ಚುಚ್ಚಿದ ಡೈಕ್ಲೊಫಿನ್ಯಾಕ್ ಎಂಬ ನೋವಿನ ಮದ್ದು ಅದರ ಹೆಣದ ಮೂಲಕ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸಿ, ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚನ್ನು ಇಲ್ಲವಾಗಿಸಿತು. ಪಶುಗಳಿಗೆ ಅದರ ಬಳಕೆ 2006ರಲ್ಲಿ ನಿಷೇಧವಾಯಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾದದ್ದು ಅಷ್ಟೆಲ್ಲ ಕಳೆದುಕೊಂಡ ಮೇಲೆ. ಡೈಕ್ಲೊಫಿನ್ಯಾಕ್ ಹಕ್ಕಿಯನ್ನು ಕೊಂದದ್ದರಿಂದ ಕಣ್ಣಿಗೆ ಬಿತ್ತು. ಆಂಟಿಬಯೋಟಿಕ್ ಅದೇ ದಾರಿಯಲ್ಲಿ ಹೋದರೂ ಹಕ್ಕಿ ಸಾಯುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಕ್ಕೆಯಿಂದ ಜೀನ್‌ವರೆಗೆ

ಶೇಕಡಾವಾರು ಅಂಕಿಗಳನ್ನು ನಂಬುವ ಮುನ್ನ ಅವು ಹುಟ್ಟುವ ಬಗೆ ತಿಳಿದಿರಬೇಕು. ಹಕ್ಕಿಗೆ ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಒಂದೇ ದ್ವಾರ. ಒದ್ದೆ ಮಾಡಿದ ಹತ್ತಿಕಡ್ಡಿಯನ್ನು ಅಲ್ಲಿ ಮೆಲ್ಲಗೆ ಒಳಹೊಗಿಸಿ ತಿರುಗಿಸಿ ತೆಗೆದು, ಒಣಗದಂತೆ ಸಾಗಾಣಿಕೆ ಜೆಲ್ ಇರುವ ಕೊಳವೆಗೆ ಹಾಕಿ, ತಂಪಿನಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತಾರೆ. ಗೂಡಿನ ಕೆಳಗೆ ಬಿದ್ದ ಹಿಕ್ಕೆ ಹೆಕ್ಕುವುದು ಸುಲಭ, ಹಕ್ಕಿಗೂ ಕಿರುಕುಳವಿಲ್ಲ. ಆದರೆ ಅದಕ್ಕೆ ಮಣ್ಣಿನ ಬ್ಯಾಕ್ಟೀರಿಯಾ ಸೇರಿರುತ್ತದೆ, ಒಂದೇ ಹಕ್ಕಿಯದು ಮೂರು ಸಲ ಲೆಕ್ಕಕ್ಕೆ ಬಂದಿರಲೂಬಹುದು.

ಲ್ಯಾಬಿನಲ್ಲಿ ಮ್ಯಾಕಾಂಕಿ ಅಗರ್ ಎಂಬ ಪೋಷಕ ತಟ್ಟೆಗೆ ಲೀಟರಿಗೆ 1 ಮಿಲಿಗ್ರಾಂ ಸೆಫೊಟ್ಯಾಕ್ಸಿಮ್ ಬೆರೆಸಿ, ಅದರ ಮೇಲೆ ಮಾದರಿ ಸವರಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಸಾಮಾನ್ಯ ಇ. ಕೋಲಿ ಅಲ್ಲಿ ಬೆಳೆಯುವುದಿಲ್ಲ; ಬಗ್ಗದ್ದು ಗುಲಾಬಿ ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಮಾದರಿಯನ್ನು ಮೊದಲು ದ್ರವ ಪೋಷಕದಲ್ಲಿ ಬೆಳೆಸಿ ಆಮೇಲೆ ತಟ್ಟೆಗೆ ಹಾಕಿದರೆ ಸಾವಿರದಲ್ಲೊಂದು ಇದ್ದದ್ದೂ ಹೊರಬರುತ್ತದೆ. ಎರಡು ಅಧ್ಯಯನಗಳ ಶೇಕಡಾವಾರು ಹೋಲಿಸುವಾಗ ಇದನ್ನು ನೋಡದಿದ್ದರೆ ವಿಧಾನದ ವ್ಯತ್ಯಾಸವನ್ನು ಹಕ್ಕಿಗಳ ವ್ಯತ್ಯಾಸವೆಂದು ತಿಳಿದುಬಿಡುತ್ತೇವೆ.

ಗುಲಾಬಿ ಚುಕ್ಕೆ ಕಂಡ ಮಾತ್ರಕ್ಕೆ ಇಎಸ್‌ಬಿಎಲ್ ಅನ್ನುವಂತಿಲ್ಲ. ಆ ಚುಕ್ಕೆಯನ್ನು ಉಪ್ಪುನೀರಿನಲ್ಲಿ ಕಲಕಿ, ಮಿಲಿಲೀಟರಿಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ ಇರುವಷ್ಟು ಮಬ್ಬಿಗೆ ತರುತ್ತಾರೆ. ಅದನ್ನು ಮುಲ್ಲರ್-ಹಿಂಟನ್ ಅಗರ್ ಮೇಲೆ ಹರಡಿ, ಎರಡು ಕಾಗದದ ಬಿಲ್ಲೆಗಳನ್ನು ದೂರ ದೂರ ಇಡುತ್ತಾರೆ. ಒಂದರಲ್ಲಿ 30 ಮೈಕ್ರೊಗ್ರಾಂ ಸೆಫೊಟ್ಯಾಕ್ಸಿಮ್, ಇನ್ನೊಂದರಲ್ಲಿ ಅಷ್ಟೇ ಸೆಫೊಟ್ಯಾಕ್ಸಿಮ್ ಜತೆ 10 ಮೈಕ್ರೊಗ್ರಾಂ ಕ್ಲಾವುಲಾನಿಕ್ ಆಮ್ಲ. ಕ್ಲಾವುಲಾನಿಕ್ ಆಮ್ಲ ಇಎಸ್‌ಬಿಎಲ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಮಾರನೆಯ ದಿನ ಎರಡನೇ ಬಿಲ್ಲೆಯ ಸುತ್ತಲಿನ ಖಾಲಿ ವೃತ್ತದ ವ್ಯಾಸ ಮೊದಲನೆಯದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ಇದ್ದರೆ ಇಎಸ್‌ಬಿಎಲ್ ಖಚಿತ. ಇದೇ ಪರೀಕ್ಷೆಯನ್ನು ಸೆಫ್ಟಾಜಿಡಿಮ್ ಬಿಲ್ಲೆಗಳಲ್ಲೂ ಮಾಡುತ್ತಾರೆ.

ಕೆಡುವುದು ಎಲ್ಲಿ? ಮಬ್ಬು ಗಟ್ಟಿಯಾದರೆ ವೃತ್ತ ಕುಗ್ಗಿ, ಬಗ್ಗುವ ಬ್ಯಾಕ್ಟೀರಿಯಾವೂ ಬಗ್ಗದಂತೆ ಕಾಣುತ್ತದೆ. ಕ್ಲಾವುಲಾನಿಕ್ ಆಮ್ಲ ತೇವ ತಾಗಿದರೆ ಹಾಳಾಗುತ್ತದೆ. ಮಳೆಗಾಲದಲ್ಲಿ ಬಿಲ್ಲೆ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಿಚ್ಚಿದರೆ ಒಳಗೆ ಬೆವರು ಕೂತು ಬಿಲ್ಲೆ ಸತ್ವ ಕಳೆದುಕೊಳ್ಳುತ್ತದೆ, ಇರುವ ಇಎಸ್‌ಬಿಎಲ್ ಕಾಣದೆ ಹೋಗುತ್ತದೆ. ಡಬ್ಬಿ ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯಬೇಕು. ಇನ್ನು ಆಂಪ್‌-ಸಿ ಎಂಬ ಬೇರೊಂದು ಕಿಣ್ವ ಕ್ಲಾವುಲಾನಿಕ್ ಆಮ್ಲಕ್ಕೆ ಸೊಪ್ಪು ಹಾಕುವುದಿಲ್ಲ. ಅದು ಜತೆಗಿದ್ದರೆ ಎರಡೂ ವೃತ್ತಗಳು ಸಮನಾಗಿ ಕಂಡು ಇಎಸ್‌ಬಿಎಲ್ ಮರೆಯಾಗುತ್ತದೆ. ಹೀಗಾಗಿ ಕೊನೆಗೆ ಜೀನ್ ಪರೀಕ್ಷೆಗೆ ಹೋಗಲೇಬೇಕು. ಏಳು ನಿಗದಿತ ಜೀನ್‌ಗಳ ಅಕ್ಷರಮಾಲೆ ಓದಿ ಬ್ಯಾಕ್ಟೀರಿಯಾದ ಕುಲಕ್ಕೆ ಎಸ್‌ಟಿ ಸಂಖ್ಯೆ ಕೊಡುತ್ತಾರೆ. ಈಗೀಗ ಇಡೀ ಜೀನೋಮನ್ನೇ ಓದುತ್ತಾರೆ.

ಮೊದಲು ಹೇಳಿದ ಅಧ್ಯಯನಕ್ಕೆ ಮರಳಿದರೆ ಅದರಲ್ಲಿ ಇಎಸ್‌ಬಿಎಲ್ ಇ. ಕೋಲಿಯ ಬಗ್ಗೆ ಇನ್ನೊಂದು ಅಂಕಿ ಇದೆ: ಜರ್ಮನಿಯಲ್ಲಿ ಶೇ 13.8, ಮಂಗೋಲಿಯಾದಲ್ಲಿ ಶೇ 10.8. ಶೇ 5 ಎಂದದ್ದು ಸುಳ್ಳೇ? ಅಲ್ಲ. ಶೇ 5 ಎಂಬುದು ಪರೀಕ್ಷಿಸಿದ ಎಲ್ಲ ಹಕ್ಕಿಗಳ ಪೈಕಿ. 13.8 ಮತ್ತು 10.8 ಎಂಬುದು ಸಿಕ್ಕ ಇ. ಕೋಲಿಗಳ ಪೈಕಿ. ಹಲವು ಬೇಟೆಹಕ್ಕಿಗಳಲ್ಲಿ ಇ. ಕೋಲಿಯೇ ಸಿಗುವುದಿಲ್ಲ, ಆದ್ದರಿಂದ ಭಾಗಿಸುವ ಸಂಖ್ಯೆ ಚಿಕ್ಕದಾಗಿ ಶೇಕಡಾವಾರು ದೊಡ್ಡದಾಗುತ್ತದೆ. ಸುದ್ದಿಯಲ್ಲಿ ಬರುವ ಇಂಥ ಅಂಕಿ ಯಾವುದರ ಪೈಕಿ ಎಂದು ಕೇಳದೆ ಮುಂದೆ ಹೋಗಬೇಡಿ.

ಜೀನ್‌ಗಳು ಹೇಳಿದ್ದು ಅದಕ್ಕಿಂತ ಕುತೂಹಲದ ಸಂಗತಿ. ಜರ್ಮನಿಯ ಬಗ್ಗದ ಮಾದರಿಗಳೆಲ್ಲದರಲ್ಲೂ ಇದ್ದದ್ದು ಸಿಟಿಎಕ್ಸ್-ಎಂ-1. ಮಂಗೋಲಿಯಾದಲ್ಲಿ ಶೇ 75ರಲ್ಲಿ ಸಿಟಿಎಕ್ಸ್-ಎಂ-9. ಅಂದರೆ ಎರಡೂ ಕಡೆ ಹರಿವು ಒಂದೇ ಅಲ್ಲ, ಒಂದೊಂದು ಕಡೆಗೂ ಅದರದೇ ಮೂಲವಿದೆ. ಹಾಗೆಂದು ಪೂರ್ತಿ ಬೇರೆಯೂ ಅಲ್ಲ: ಮಂಗೋಲಿಯಾದ ಹಕ್ಕಿಯೊಂದರ ಎಸ್‌ಟಿ167 ಇ. ಕೋಲಿ ಯುರೋಪಿನ ಆಸ್ಪತ್ರೆಯಲ್ಲಿದ್ದ ರೋಗಿಯೊಬ್ಬರಿಂದ ಸಿಕ್ಕ ಎಸ್‌ಟಿ167ಕ್ಕೆ ಹತ್ತಿರದ ನಂಟು ಹೊಂದಿತ್ತು. ಗೋಬಿಯಲ್ಲಿ ಮನುಷ್ಯರು ವಿರಳ. ಹಕ್ಕಿಗಳೋ ಚಳಿಗಾಲಕ್ಕೆ ತೆಂಕಣಕ್ಕೆ, ಜನ ಕಿಕ್ಕಿರಿದ ನಾಡುಗಳಿಗೆ ಹಾರಿ ಬೇಸಗೆಗೆ ಮರಳುತ್ತವೆ. ಮನುಷ್ಯರ ಪ್ರಭಾವ ಒಂದೂರಿನಲ್ಲಿ ತಗ್ಗಿದ ಮಾತ್ರಕ್ಕೆ ಆ ಊರಿನ ಪ್ರತಿರೋಧ ತಗ್ಗುತ್ತದೆ ಎನ್ನಲಾಗದು ಎಂದು ಸಂಶೋಧಕರು ತೀರ್ಮಾನಿಸಿದ್ದು ಇದರಿಂದಲೇ.

ಕರಿಹದ್ದಿನ ವಿಚಾರದಲ್ಲಿ ಈ ಹಾರಾಟ ನಮ್ಮ ನಾಡಿನ ಆಕಾಶಕ್ಕೂ ತಾಗುತ್ತದೆ. ದೆಹಲಿಯ ಘಾಜಿಪುರದ ಕಸದ ಬೆಟ್ಟದ ಮೇಲೆ ಚಳಿಗಾಲದಲ್ಲಿ ಮುತ್ತುವ ಹದ್ದುಗಳಲ್ಲಿ ಊರಿನವಲ್ಲದೆ ವಲಸೆ ಬಂದವೂ ಸಾವಿರಗಟ್ಟಲೆ ಇರುತ್ತವೆ. ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟಾಗ ಅವು ಹಿಮಾಲಯ ದಾಟಿ ಮಧ್ಯ ಏಷ್ಯಾದ ಬಯಲುಗಳಿಗೆ ಮರಿ ಮಾಡಲು ಹೋದದ್ದು ಕಂಡಿತು. ಕಸದ ರಾಶಿಯಲ್ಲಿ ಆಸ್ಪತ್ರೆಯದೂ ಮಾಂಸದಂಗಡಿಯದೂ ಮನೆಯದೂ ಎಲ್ಲ ಬೆರೆತಿರುತ್ತದೆ.

ಜರ್ಮನಿಯ ಒಂದು ಕರಿಹದ್ದಿನಲ್ಲಿ ಎನ್‌ಡಿಎಂ-1 ಹೊತ್ತ ಸಾಲ್ಮೊನೆಲ್ಲಾ ಕಾರ್ವಾಲಿಸ್ ಸಿಕ್ಕ ವರದಿ 2013ರಲ್ಲಿ ಬಂತು. ಎನ್‌ಡಿಎಂ ಎಂಬ ಹೆಸರಿನಲ್ಲಿ ‘ನ್ಯೂ ಡೆಲ್ಲಿ’ ಇದೆ, ಸರಿ. ಭಾರತದಲ್ಲಿ ಚಿಕಿತ್ಸೆ ಪಡೆದು ಮರಳಿದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ 2008ರಲ್ಲಿ ಅದು ಮೊದಲು ಪತ್ತೆಯಾಗಿತ್ತು. ಹಾಗೆಂದು ಆ ಹದ್ದು ಅದನ್ನು ದೆಹಲಿಯಿಂದ ಹೊತ್ತೊಯ್ದಿತೆಂದು ಕಥೆ ಕಟ್ಟುವುದು ತಪ್ಪು. ಪಶ್ಚಿಮ ಯುರೋಪಿನ ಕರಿಹದ್ದುಗಳು ಚಳಿಗಾಲಕ್ಕೆ ಹೋಗುವುದು ಆಫ್ರಿಕಕ್ಕೆ. ಜೀನ್‌ನ ಹೆಸರು ಅದು ಮೊದಲು ಗುರುತಾದ ಸಂದರ್ಭವನ್ನು ಹೇಳುತ್ತದೆ, ಹಕ್ಕಿ ಬಂದ ದಾರಿಯನ್ನಲ್ಲ. ಎರಡು ಮಾದರಿಗಳ ಜೀನೋಮ್ ಹೊಂದಿದಾಗಲೂ ನಂಟಿದೆ ಎಂದಷ್ಟೇ ಹೇಳಬಹುದು. ಯಾರಿಂದ ಯಾರಿಗೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಈ ವಿಷಯದ ಬಗ್ಗೆ ಬರುವ ಬರಹಗಳು ಅತಿ ಹೆಚ್ಚು ಎಡವುವುದು ಇಲ್ಲೇ: ಹಕ್ಕಿಯನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುತ್ತವೆ. ನಮ್ಮ ಚರಂಡಿಯಲ್ಲೂ ಫಾರಂನಲ್ಲೂ ಬೆಳೆದದ್ದು ಅದರ ಕರುಳಿಗೆ ಹೋಗಿ ಸೇರಿದೆ, ಅಷ್ಟೇ.

ಕೈಗೆ ಬಂದ ಹಕ್ಕಿ

ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು ಮಹಡಿ ಮೇಲೆ ಬಿದ್ದರೆ ಹೆದರಿ ಬಿಟ್ಟುಬಿಡಬೇಕಾಗಿಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಪಿಗೆ, ಬಿಸಿಗೆ, ಬ್ಲೀಚಿಗೆ ಎಲ್ಲ ಬ್ಯಾಕ್ಟೀರಿಯಾಗಳಂತೆಯೇ ಬಗ್ಗುತ್ತದೆ. ದಪ್ಪ ಟವೆಲ್ ಹೊದಿಸಿ, ಉಗುರುಗಳತ್ತ ಎಚ್ಚರ ವಹಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅಡುಗೆಮನೆಯಿಂದ ದೂರ ಇಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಒಣಗಿದ ಹಿಕ್ಕೆಯನ್ನು ಗುಡಿಸಬೇಡಿ, ದೂಳು ಎದ್ದು ಮೂಗಿಗೆ ಹೋಗುತ್ತದೆ. ನೀರು ಚಿಮುಕಿಸಿ ಒರೆಸಿ, ಸೋಪುನೀರಲ್ಲಿ ತೊಳೆದು, ಆಮೇಲೆ ಬ್ಲೀಚು ಹಾಕಿ. ಹಿಕ್ಕೆಯ ಮೇಲೇ ಬ್ಲೀಚು ಸುರಿದರೆ ಕೊಳೆಯೇ ಅದರ ಶಕ್ತಿಯನ್ನು ತಿಂದುಹಾಕುತ್ತದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆಯನ್ನು ಪುಡಿ ಮಾಡಿ ಹಕ್ಕಿಗೆ ಕೊಡುವುದಂತೂ ಕೂಡದು. ಹದ್ದು ಕೂರುವ ಓವರ್‌ಹೆಡ್ ಟ್ಯಾಂಕಿಗೆ ಗಟ್ಟಿ ಮುಚ್ಚಳ ಇರಲಿ.

ಕೋಳಿ ಅಂಗಡಿಯ ಕರುಳು-ಪುಕ್ಕವನ್ನು ಕೆರೆಯಂಚಿಗೆ ಸುರಿಯುವುದನ್ನು ನಿಲ್ಲಿಸಿದರೆ ಹದ್ದಿನ ತಟ್ಟೆಯ ದೊಡ್ಡ ಪಾಲು ಶುದ್ಧವಾಗುತ್ತದೆ. ಅದನ್ನು 50 ಮಿ.ಮೀ.ಗಿಂತ ಚಿಕ್ಕ ಚೂರುಗಳಾಗಿಸಿ, 3 ಬಾರ್ ಒತ್ತಡದಲ್ಲಿ 133 ಡಿಗ್ರಿಗೆ 20 ನಿಮಿಷ ಬೇಯಿಸಿದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಐರೋಪ್ಯ ಒಕ್ಕೂಟದ ಮಾನದಂಡ ಇದು. ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಅನ್ನು ಕೋಳಿ, ದನಗಳಿಗೆ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಸರಿಯಾದ ಹೆಜ್ಜೆ.

ಹಕ್ಕಿಗಳನ್ನು ಆರೈಕೆ ಮಾಡುವ ಕೇಂದ್ರಗಳಲ್ಲಿ ಮೊದಲ ಡೋಸ್ ಮದ್ದಿಗೆ ಮುಂಚೆಯೇ ಹತ್ತಿಕಡ್ಡಿ ಮಾದರಿ ತೆಗೆಯಬೇಕು. ಆಮೇಲೆ ತೆಗೆದರೆ ಹಕ್ಕಿ ತಂದದ್ದು ಯಾವುದು, ಕೇಂದ್ರದಲ್ಲಿ ಬೆಳೆದದ್ದು ಯಾವುದು ಎಂದು ಬೇರ್ಪಡಿಸಲಾಗದು. ತಿನ್ನಿಸುವ ಹಸಿ ಕೋಳಿಮಾಂಸವೂ ಒಂದು ಮೂಲವೆಂಬುದು ನೆನಪಿರಲಿ. ಎನ್ರೋಫ್ಲಾಕ್ಸಸಿನ್‌ಗೆ ಬಗ್ಗದ ಗುಣ ಇಎಸ್‌ಬಿಎಲ್ ಹೊತ್ತ ಬ್ಯಾಕ್ಟೀರಿಯಾದಲ್ಲೇ ಇರುವುದು ಸಾಮಾನ್ಯ. ರೂಢಿಯೆಂದು ಎಲ್ಲ ಗಾಯಕ್ಕೂ ಅದನ್ನೇ ಕೊಟ್ಟರೆ ಉಳಿದೆಲ್ಲ ಸತ್ತು ಇಎಸ್‌ಬಿಎಲ್‌ಗೆ ಜಾಗ ತೆರವಾಗುತ್ತದೆ. ಗಾಯ ಮಾಗಿ, ರೆಕ್ಕೆ ಬಲಿತು, ಹಾರಲು ಸಿದ್ಧವಾದ ಹದ್ದಿನ ಕರುಳಲ್ಲಿ ಇಎಸ್‌ಬಿಎಲ್ ಸಿಕ್ಕರೆ ಬಿಡಬಹುದೇ ಎಂಬ ಪ್ರಶ್ನೆ ಬರುತ್ತದೆ. ಬಿಡಬೇಕು. ಕರುಳಲ್ಲಿ ಸುಮ್ಮನೆ ಇರುವುದು ರೋಗವಲ್ಲ. ಅದನ್ನು ತೊಳೆಯಲೆಂದು ಮದ್ದು ಕೊಟ್ಟರೆ ಮದ್ದಿಗೆ ಬಗ್ಗದವೇ ಇನ್ನಷ್ಟು ಹೆಚ್ಚುತ್ತವೆ. ಪಂಜರದಲ್ಲಿ ಹೆಚ್ಚು ದಿನ ಇಟ್ಟಷ್ಟೂ ಪಕ್ಕದ ಹಕ್ಕಿಗಳಿಗೆ ದಾಟುವ ಅವಕಾಶ ಹೆಚ್ಚು. ಇರುವ ದಿನಗಳಲ್ಲಿ ಅದರ ಪಂಜರವನ್ನು ಕೊನೆಗೆ ಶುಚಿ ಮಾಡಿ, ಬಟ್ಟಲನ್ನು ಬೇರೆಯಾಗಿಟ್ಟು, ಫಲಿತಾಂಶವನ್ನು ದಾಖಲೆಯಲ್ಲಿ ಬರೆದಿಟ್ಟು, ಗಾಳಿ ಅನುಕೂಲವಾಗಿರುವ ಬೆಳಗ್ಗೆ ಹಾರಿಬಿಡುವುದು.